ಕಾರ್ಟ್ರಿಜ್ ಆರಿಸುವ ಮುಂಚೆ ಎಲ್‌ಪಿಯ ಕೊನೆಯ ಐದು ನಿಮಿಷ ಕೇಳಿ

ಒಳ್ಳೆಯ ಟರ್ನ್‌ಟೇಬಲ್ ಕೊಂಡವರು "ಯಾವ ಕಾರ್ಟ್ರಿಜ್ ಬೆಸ್ಟು?" ಅಂತ ಕೇಳುತ್ತಾರೆ. ಸೂಜಿಯನ್ನು ಹಿಡಿದು, ಅದರ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ಪುಟ್ಟ ಭಾಗವೇ ಕಾರ್ಟ್ರಿಜ್. ನಾನು ತಿರುಗಿ ಕೇಳುತ್ತೇನೆ: ನಿಮ್ಮ ಟೋನ್‌ಆರ್ಮ್ (ಕಾರ್ಟ್ರಿಜ್ ಹೊರುವ ತೋಳು) ಯಾವುದು, ಫೋನೋ ಸ್ಟೇಜ್ (ಕಾರ್ಟ್ರಿಜ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಸಾಧನ) ಯಾವುದು, ಮನೆಯಲ್ಲಿ ಜಾಸ್ತಿ ಯಾವ ಸಂಗೀತ ಓಡುತ್ತದೆ? ಇಷ್ಟು ಗೊತ್ತಾದರೆ ಅಂಗಡಿಯ ದೊಡ್ಡ ಪಟ್ಟಿಯಲ್ಲಿ ನಾಲ್ಕೈದು ಹೆಸರು ಉಳಿಯುತ್ತವೆ. ಗೊತ್ತಾಗದೆ ಕೊಂಡರೆ ಲಕ್ಷ ರೂಪಾಯಿಯ ಕಾರ್ಟ್ರಿಜ್ ಕೂಡ ಸಪ್ಪೆಯಾಗಿ ಕೇಳಿಸಬಹುದು.

ನನ್ನ ಕಥೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಕೆಳಗಿನ ಸಲಹೆಗಳೆಲ್ಲ ಅಲ್ಲಿಂದಲೇ ಬಂದಿವೆ. ನನ್ನ ಹತ್ತಿರ ಇರುವುದು ಟೆಕ್ನಿಕ್ಸ್ ಎಸ್‌ಎಲ್-1200ಜಿ. 2016ರಲ್ಲಿ ಬಂದ ಮಾಡೆಲ್, 18 ಕಿಲೋ ತೂಕ, ಡೈರೆಕ್ಟ್ ಡ್ರೈವ್. ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ಧಾರವಾಡದ ಸೋದರಮಾವನ ಮನೆಯಿಂದ ಬಂದ ಎಚ್‌ಎಂವಿ ಎಲ್‌ಪಿಗಳು: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು. ಬಹಳಷ್ಟು ಕಲ್ಕತ್ತಾದ ಡಂಡಂ ಕಾರ್ಖಾನೆಯಲ್ಲಿ ಅಚ್ಚಾದವು. ಮಾವ ಅವನ್ನು ಚೆನ್ನಾಗಿಯೇ ಇಟ್ಟಿದ್ದರು, ಆದರೆ ಸಾಕಷ್ಟು ಹಚ್ಚಿ ಕೇಳಿದ್ದರು ಕೂಡ. ನೀವು ರಾಕ್ ಅಥವಾ ಜಾಝ್ ಕೇಳುವವರಾದರೆ ನಿಮ್ಮ ತೀರ್ಮಾನ ಸ್ವಲ್ಪ ಬೇರೆಯಾಗಬಹುದು. ಲೆಕ್ಕ ಮಾತ್ರ ಅದೇ.

ಖಯಾಲ್ ಎಲ್‌ಪಿಯ ಸಂಕಟ ಏನೆಂದರೆ, ಒಂದು ಮಗ್ಗುಲಲ್ಲಿ ಇಪ್ಪತ್ತು–ಇಪ್ಪತ್ತೈದು ನಿಮಿಷದ ಒಂದೇ ರಾಗ ಇರುತ್ತದೆ. ನಿಧಾನ ಲಯದ ವಿಳಂಬಿತ ಹೊರ ಅಂಚಿನಲ್ಲಿ ಶುರುವಾಗುತ್ತದೆ. ವೇಗದ ದ್ರುತ್, ತಾನಗಳು, ತಬಲಾದ ಜೋರು, ಎಲ್ಲ ಬರುವುದು ಲೇಬಲ್ಲಿನ ಹತ್ತಿರ. ಅಲ್ಲಿ ಪ್ಲೇಟಿಗೆ ಜಾಗವೇ ಕಡಿಮೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಹೊರ ಅಂಚಿನ ಗ್ರೂವ್ (ಸೂಜಿ ಓಡುವ ಗೆರೆ) ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ. ಒಳ ಅಂಚಿಗೆ ಬಂದಾಗ ಅದು ಸುಮಾರು 21ಕ್ಕೆ ಇಳಿದಿರುತ್ತದೆ. ಅದೇ ಸ್ವರ, ಅದೇ ಹಾರ್ಮೋನಿಯಂ, ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ದಪ್ಪ ಮೂತಿಯ ಸೂಜಿ ಆ ಸಣ್ಣ ಏರಿಳಿತಗಳ ಒಳಗೆ ಇಳಿಯಲಾರದು, ಮೇಲೆ ಮೇಲೆ ಸವರಿಕೊಂಡು ಹೋಗುತ್ತದೆ. ಹಾರ್ಮೋನಿಯಂ ಒಡೆದ ಹಾಗೆ ಕೇಳಿಸುತ್ತದೆ. ತಾನಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮನ್ಸೂರರು ವಚನ ಹಾಡುವಾಗ 'ಶರಣು' ಅನ್ನುವಲ್ಲಿ 'ಶ' ಉಗುಳಿದಂತೆ ಆಗುತ್ತದೆ.

ಹಾಗಾಗಿ ನನ್ನ ಪ್ರಕಾರ ದುಡ್ಡು ಮೊದಲು ಹೋಗಬೇಕಾದ್ದು ಸೂಜಿಯ ತುದಿಯ ಆಕಾರಕ್ಕೆ. ಕಾರ್ಟ್ರಿಜ್‌ನ ಮೈ ಮರದ್ದೋ ಕಲ್ಲಿನದೋ, ಕಾಯಿಲ್ (ತಂತಿಯ ಸುರುಳಿ) ಬೆಳ್ಳಿಯದೋ ತಾಮ್ರದ್ದೋ ಅನ್ನುವುದೆಲ್ಲ ಆಮೇಲಿನ ಮಾತು.

ತುದಿಗಳಲ್ಲಿ ಸರಳವಾದದ್ದು ಕೋನಿಕಲ್. ಗುಂಡಗಿನ ಮೂತಿ, 15ರಿಂದ 18 ಮೈಕ್ರಾನ್ ತ್ರಿಜ್ಯ. ಆಮೇಲೆ ಎಲಿಪ್ಟಿಕಲ್, ಅಂದರೆ ಎರಡು ಪಕ್ಕದಲ್ಲಿ ಚಪ್ಪಟೆ ಮಾಡಿದ್ದು. ಗ್ರೂವ್ ಗೋಡೆಗೆ ತಾಗುವ ಬದಿ ಸಾಮಾನ್ಯವಾಗಿ 8 ಮೈಕ್ರಾನ್ ಸುತ್ತಮುತ್ತ. ಅದಕ್ಕೂ ಮೇಲೆ ಲೈನ್ ಕಾಂಟ್ಯಾಕ್ಟ್ ಜಾತಿಯವು: ಶಿಬಾಟಾ, ಫೈನ್ ಲೈನ್, ಮೈಕ್ರೋಲೈನ್, ಫ್ರಿಟ್ಜ್ ಗೈಗರ್, ವಾನ್ ಡೆನ್ ಹುಲ್. ಇವು ಗೋಡೆಯನ್ನು ಒಂದು ಚುಕ್ಕೆಯಲ್ಲಿ ಮುಟ್ಟದೆ ಮೇಲಿನಿಂದ ಕೆಳಗೆ ಒಂದು ತೆಳು ಗೆರೆಯಲ್ಲಿ ಮುಟ್ಟುತ್ತವೆ. ಶಿಬಾಟಾ ಹುಟ್ಟಿದ್ದು 1970ರ ದಶಕದ ಮೊದಲಲ್ಲಿ, ಜಪಾನಿನ ಜೆವಿಸಿ ಕಂಪನಿಯಲ್ಲಿ. ಆಗ ಬಂದಿದ್ದ ಸಿಡಿ-4 ಎಂಬ ನಾಲ್ಕು ಚಾನೆಲ್ಲಿನ ರೆಕಾರ್ಡುಗಳಲ್ಲಿ 30 ಕಿಲೋಹರ್ಟ್ಜ್‌ನ ಕ್ಯಾರಿಯರ್ ಸಿಗ್ನಲ್ ಓದಬೇಕಿತ್ತು. ಮನುಷ್ಯನ ಕಿವಿಗೆ ಕೇಳದ ಸದ್ದನ್ನು ಓದಲು ಮಾಡಿದ ತುದಿ ಇವತ್ತು ನಮ್ಮ ದ್ರುತ್ ತಾನಗಳಿಗೆ ಬಹಳ ಚೆನ್ನಾಗಿ ಒದಗುತ್ತದೆ.

ಹಳೆಯ ಪ್ಲೇಟುಗಳಲ್ಲಿ ಇನ್ನೊಂದು ಲಾಭವೂ ಇದೆ. ಹಿಂದಿನವರು ಗುಂಡು ಮೂತಿಯ ಸೂಜಿಯಲ್ಲಿ ಓಡಿಸಿ ಸವೆಸಿದ್ದು ಗ್ರೂವ್ ಗೋಡೆಯ ಒಂದು ಪಟ್ಟಿಯನ್ನು ಮಾತ್ರ. ಲೈನ್ ಕಾಂಟ್ಯಾಕ್ಟ್ ತುದಿ ಆ ಪಟ್ಟಿಯ ಮೇಲೆ ಕೆಳಗೆ, ಯಾರೂ ಮುಟ್ಟದ ಜಾಗವನ್ನೂ ಓದುತ್ತದೆ. ಮಾವನ ಕೆಲವು ಎಲ್‌ಪಿಗಳು ಹೀಗೆ ಮತ್ತೆ ಕೇಳುವ ಹಾಗಾದವು. ಎಲ್ಲವೂ ಅಲ್ಲ. ಆಳವಾಗಿ ಗೀಚಿದ್ದಕ್ಕೆ, ಕೊಳೆ ತುಂಬಿದ್ದಕ್ಕೆ ಯಾವ ಸೂಜಿಯೂ ಮದ್ದಲ್ಲ. ಮೊದಲು ಚೆನ್ನಾಗಿ ತೊಳೆಯಬೇಕು.

ನನ್ನ ಮಾತು ನಂಬಬೇಡಿ, ನೀವೇ ಕೇಳಿ ನೋಡಿ. ಅದಕ್ಕೆ ಅಗ್ಗದ ದಾರಿ ಒಂದಿದೆ. ಆಡಿಯೋ-ಟೆಕ್ನಿಕಾದ ವಿಎಂ95 ಸಾಲಿನ ಕಾರ್ಟ್ರಿಜ್‌ಗಳಿಗೆಲ್ಲ ಮೈ ಒಂದೇ. ಬದಲಾಗುವುದು ಸೂಜಿ ಮಾತ್ರ: ಕೋನಿಕಲ್, ಎರಡು ಬಗೆಯ ಎಲಿಪ್ಟಿಕಲ್, ಮೈಕ್ರೋಲೀನಿಯರ್, ಶಿಬಾಟಾ, 78ರ ಪ್ಲೇಟಿಗೆ ಬೇರೆಯದು. ಎಲಿಪ್ಟಿಕಲ್ ಸೂಜಿಯ ಒಂದು ವಿಎಂ95ಇ ಕೊಳ್ಳಿ, ಜೊತೆಗೆ ಮೈಕ್ರೋಲೀನಿಯರ್ ಆದ ವಿಎಂ95ಎಂಎಲ್‌ನ ಸೂಜಿ ಮಾತ್ರ ತರಿಸಿ. ನಿಮ್ಮ ಮೆಚ್ಚಿನ ಎಲ್‌ಪಿಯ ಕೊನೆಯ ಐದು ನಿಮಿಷ ಮೊದಲು ಇ ಸೂಜಿಯಲ್ಲಿ, ಆಮೇಲೆ ಎಂಎಲ್‌ನಲ್ಲಿ ಕೇಳಿ. ಮೈ ಅದೇ, ಆರ್ಮ್ ಅದೇ, ತಂತಿ ಅದೇ, ಆಂಪ್ಲಿಫೈಯರ್ ಅದೇ. ಕೇಳಿದ ವ್ಯತ್ಯಾಸ ಪೂರ್ತಿ ಸೂಜಿಯದ್ದು. ಭಾರಿ ಬೆಲೆಯ ಟರ್ನ್‌ಟೇಬಲ್ಲಿಗೆ ಇಷ್ಟು ಅಗ್ಗದ ಕಾರ್ಟ್ರಿಜ್ ಹಾಕುವುದೇ ಅಂತ ಅಂಗಡಿಯವರು ಮುಖ ಸಿಂಡರಿಸಬಹುದು. ಹಾಕಿ. ಈ ಪಾಠಕ್ಕೆ ಇಷ್ಟು ಕಡಿಮೆ ಫೀಸು ಬೇರೆಲ್ಲೂ ಇಲ್ಲ. ಮುಂದೆ ಎಂಥದ್ದೇ ಕೊಂಡರೂ ಇದು ಮನೆಯಲ್ಲಿ ದಿನಬಳಕೆಗೆ ಆಗುತ್ತದೆ.

ಈಗ ಆರ್ಮ್ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಬೇಜಾರು ಮಾಡ್ಕೋಬೇಡಿ.

ಆರ್ಮ್‌ನ ತೂಕ ಮತ್ತು ಕಾರ್ಟ್ರಿಜ್‌ನ ಸಸ್ಪೆನ್ಷನ್ (ಸೂಜಿಯ ಕಡ್ಡಿಯನ್ನು ಹಿಡಿದಿರುವ ರಬ್ಬರ್) ಸೇರಿ ಒಂದು ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತವೆ. ಅದಕ್ಕೆ ತನ್ನದೇ ಕಂಪನ ಇರುತ್ತದೆ. ಆ ಕಂಪನ 8ರಿಂದ 12 ಹರ್ಟ್ಜ್ ನಡುವೆ ಬೀಳಬೇಕು. ಅದಕ್ಕಿಂತ ಕೆಳಗೆ ಹೋದರೆ ಸೊಟ್ಟಗಾದ ಪ್ಲೇಟು ಓಡುವಾಗ ಆರ್ಮ್ ತುಯ್ಯುತ್ತದೆ, ವೂಫರ್ ಕೋನ್ ಸುಮ್ನೆ ಹಿಂದೆ ಮುಂದೆ ಆಡುತ್ತದೆ. ತುಂಬ ಮೇಲೆ ಹೋದರೆ ಕೇಳುವ ಬೇಸ್ ಕೆಡುತ್ತದೆ. ಲೆಕ್ಕ ಹೀಗೆ: ಆರ್ಮ್‌ನ ಎಫೆಕ್ಟಿವ್ ಮಾಸ್ (ಆಡುವಾಗ ಸೂಜಿಗೆ ತಟ್ಟುವ ಆರ್ಮ್‌ನ ತೂಕ), ಕಾರ್ಟ್ರಿಜ್ ತೂಕ, ಸ್ಕ್ರೂಗಳ ತೂಕ ಮೂರನ್ನೂ ಗ್ರಾಂನಲ್ಲಿ ಕೂಡಿ. ಅದನ್ನು ಕಾರ್ಟ್ರಿಜ್‌ನ ಕಂಪ್ಲಯನ್ಸ್‌ನಿಂದ, ಅಂದರೆ ಸಸ್ಪೆನ್ಷನ್ ಎಷ್ಟು ಮೆತ್ತಗಿದೆ ಅನ್ನುವ ಅಂಕಿಯಿಂದ, ಗುಣಿಸಿ. ಬಂದದ್ದರ ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ.

ನನ್ನ ಟೆಕ್ನಿಕ್ಸ್ ಆರ್ಮ್‌ನ ಎಫೆಕ್ಟಿವ್ ಮಾಸ್ ಸುಮಾರು 12 ಗ್ರಾಂ. ಆರ್ಟೋಫೋನ್ 2ಎಂ ಸಾಲಿನ ಕಾರ್ಟ್ರಿಜ್ 7.2 ಗ್ರಾಂ, ಸ್ಕ್ರೂ 1 ಗ್ರಾಂ ಅಂದುಕೊಳ್ಳಿ. ಒಟ್ಟು 20.2. ಕಂಪ್ಲಯನ್ಸ್ 20 ಆದರೆ ಉತ್ತರ 7.9 ಹರ್ಟ್ಜ್. ಅಂಚಿನಲ್ಲಿದೆ, ನಡೆಯುತ್ತದೆ. ಇದಕ್ಕಿಂತ ಭಾರದ ಆರ್ಮ್ ಇದ್ದರೆ ನಾನು ಬೇಡ ಅನ್ನುತ್ತಿದ್ದೆ.

ಒಂದು ಎಚ್ಚರಿಕೆ. ಜಪಾನಿನ ಹಲವು ಕಂಪನಿಗಳು ಕಂಪ್ಲಯನ್ಸ್ ಅನ್ನು 100 ಹರ್ಟ್ಜ್‌ನಲ್ಲಿ ಅಳೆದು ಬರೆಯುತ್ತವೆ. ನಮ್ಮ ಲೆಕ್ಕಕ್ಕೆ ಬೇಕಾದ್ದು 10 ಹರ್ಟ್ಜ್‌ನದ್ದು. ಸರಿಯಾದ ಸೂತ್ರ ಇಲ್ಲ, ಅಂದಾಜಿಗೆ ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು. ಡೆನಾನ್ ಡಿಎಲ್-103ರ ಕಾಗದದಲ್ಲಿ 5 ಎಂದಿರುತ್ತದೆ. ಅದನ್ನೇ ಹಾಕಿದರೆ ನನ್ನ ಆರ್ಮ್‌ನಲ್ಲಿ 15 ಹರ್ಟ್ಜ್ ದಾಟುತ್ತದೆ, 'ಹೊಂದುವುದಿಲ್ಲ' ಅಂತ ಕೈಬಿಡುತ್ತೀರಿ. 10 ಎಂದು ಹಾಕಿದರೆ 11ರ ಹತ್ತಿರ ಬರುತ್ತದೆ, ಚೆನ್ನಾಗಿಯೇ ಹೊಂದುತ್ತದೆ.

ಕೌಂಟರ್‌ವೇಟ್ (ಆರ್ಮ್‌ನ ಹಿಂತುದಿಯ ತೂಕ) ಹಿಡಿಯುವ ಭಾರಕ್ಕೂ ಮಿತಿ ಇದೆ, ಕೈಪಿಡಿಯಲ್ಲಿ ಬರೆದಿರುತ್ತಾರೆ. ನಾನು ಈಗ ಬಳಸುವ ಹಾನಾ ಎಸ್‌ಎಲ್ ಕಾರ್ಟ್ರಿಜ್ ಬರೀ 5 ಗ್ರಾಂ. ನನ್ನ ಆರ್ಮ್‌ಗೆ ಅದು ತೀರಾ ಹಗುರ. ಅದಕ್ಕೆ ಸ್ವಲ್ಪ ಭಾರದ ಹೆಡ್‌ಶೆಲ್ (ಆರ್ಮ್‌ನ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಭಾಗ) ಹಾಕಿಕೊಂಡಿದ್ದೇನೆ. ಹೆಡ್‌ಶೆಲ್ ಬದಲಾದರೆ ಎಫೆಕ್ಟಿವ್ ಮಾಸ್ ಕೂಡ ಬದಲಾಗುತ್ತದೆ, ಲೆಕ್ಕ ಮತ್ತೆ ಮಾಡಿ. ರೇಗಾದಂಥ ಆರ್ಮ್‌ಗಳಲ್ಲಿ ಹೆಡ್‌ಶೆಲ್ ಬಿಚ್ಚಲು ಬರುವುದಿಲ್ಲ, ಎತ್ತರ ಹೊಂದಿಸಲು ಸ್ಪೇಸರ್ ಬೇಕು. ಅಂಥ ಆರ್ಮ್ ಇದ್ದವರು ಕಾರ್ಟ್ರಿಜ್‌ನ ಎತ್ತರವನ್ನೂ ಮೊದಲೇ ನೋಡಿಕೊಳ್ಳಬೇಕು.

ಮೂರನೆಯದು ಫೋನೋ ಸ್ಟೇಜ್. ಎಂಎಂ, ಎಂಸಿ ಎಂಬ ಭೇದ ನಿಮಗೆ ಗೊತ್ತಿರುತ್ತದೆ: ಎಂಎಂನಲ್ಲಿ (ಮೂವಿಂಗ್ ಮ್ಯಾಗ್ನೆಟ್) ಅಯಸ್ಕಾಂತ ಆಡುತ್ತದೆ, ಎಂಸಿಯಲ್ಲಿ (ಮೂವಿಂಗ್ ಕಾಯಿಲ್) ಕಾಯಿಲ್ ಆಡುತ್ತದೆ. ಎಂಎಂ ಸಾಮಾನ್ಯವಾಗಿ 3ರಿಂದ 6 ಮಿಲಿವೋಲ್ಟ್ ಕೊಡುತ್ತದೆ. ಲೋ ಔಟ್‌ಪುಟ್ ಎಂಸಿ 0.2ರಿಂದ 0.6. ಎಂಸಿ ಅಂದರೆ ಮೇಲು, ಎಂಎಂ ಅಂದರೆ ಕೀಳು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾನು ಒಪ್ಪುವುದಿಲ್ಲ. ಶಿಬಾಟಾ ತುದಿಯ 2ಎಂ ಬ್ಲ್ಯಾಕ್ ಎಂಎಂ ಆಗಿದ್ದೂ, ಎಲಿಪ್ಟಿಕಲ್ ತುದಿಯ ಎಷ್ಟೋ ಎಂಸಿಗಳಿಗಿಂತ ಒಳ ಗ್ರೂವ್ ಅನ್ನು ಸ್ವಚ್ಛವಾಗಿ ಓದುತ್ತದೆ.

ಫೋನೋ ಸ್ಟೇಜ್ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಲೆಕ್ಕ ಸುಲಭ. 40 ಡೆಸಿಬೆಲ್ ಅಂದರೆ 100 ಪಟ್ಟು, 60 ಅಂದರೆ 1000 ಪಟ್ಟು. 5 ಮಿಲಿವೋಲ್ಟ್ ಎಂಎಂ 40 ಡೆಸಿಬೆಲ್‌ನಲ್ಲಿ ಅರ್ಧ ವೋಲ್ಟ್ ಆಗುತ್ತದೆ. ಹಾನಾ ಎಸ್‌ಎಲ್‌ನ 0.5 ಮಿಲಿವೋಲ್ಟ್ 60ರಲ್ಲಿ ಅದೇ ಅರ್ಧ ವೋಲ್ಟ್. 0.2 ಮಿಲಿವೋಲ್ಟ್‌ನದ್ದು ತಂದರೆ 60 ಸಾಲುವುದಿಲ್ಲ, 66–70 ಬೇಕು. ಅಲ್ಲಿ ಫೋನೋ ಸ್ಟೇಜ್ ನಿಜಕ್ಕೂ ನಿಶ್ಶಬ್ದವಾಗಿರಬೇಕು, ಇಲ್ಲದಿದ್ದರೆ ತಾನ್‌ಪುರಾದ ಜವಾರಿಯ ಜೊತೆ ಹಿಸ್ ಕೂಡ ಕೇಳಿಸುತ್ತದೆ. ಆಲಾಪದ ಮೌನಗಳಲ್ಲಿ ಅದು ಕಿವಿಗೆ ಚುಚ್ಚುತ್ತದೆ. ಮನೆಯ ಅರ್ಥಿಂಗ್ ಸರಿಯಿದೆಯೇ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಇನ್ವರ್ಟರ್, ಡಿಮ್ಮರ್‌ಗಳಿಂದ ಫೋನೋ ಸ್ಟೇಜ್ ದೂರ ಇರಲಿ.

ಲೋಡ್, ಅಂದರೆ ಫೋನೋ ಸ್ಟೇಜ್ ಕಾರ್ಟ್ರಿಜ್‌ಗೆ ಒಡ್ಡುವ ವಿದ್ಯುತ್ ತಡೆಯ ವಿಷಯ: ಎಂಸಿಗೆ ಅದು ಕಾಯಿಲ್ ಇಂಪೀಡೆನ್ಸ್‌ನ (ಕಾಯಿಲ್‌ನದೇ ತಡೆ) ಹತ್ತು ಪಟ್ಟು ಅಥವಾ ಹೆಚ್ಚು ಇರಬೇಕು. ಹಾನಾ ಎಸ್‌ಎಲ್ 30 ಓಮ್, ಕಂಪನಿ 400ಕ್ಕಿಂತ ಹೆಚ್ಚು ಕೇಳುತ್ತದೆ. ನಿಮ್ಮ ಫೋನೋ ಸ್ಟೇಜ್‌ನಲ್ಲಿ 100 ಓಮ್ ಒಂದೇ ಇದ್ದರೆ ಇದು ಮಂಕಾಗುತ್ತದೆ, 5–6 ಓಮ್‌ನ ಕಾರ್ಟ್ರಿಜ್ ಹುಡುಕುವುದು ಒಳ್ಳೆಯದು. ಎಂಸಿಯ ಸಿಗ್ನಲ್ ಏರಿಸಲು ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ಬಳಸುವವರು ಎಂಎಂ ಇನ್‌ಪುಟ್‌ನ 47,000 ಓಮ್ ಅನ್ನು ಅದರ ಅನುಪಾತದ ವರ್ಗದಿಂದ ಭಾಗಿಸಿ ನೋಡಬೇಕು. 1:10 ಆದರೆ 470 ಓಮ್, 1:20 ಆದರೆ ಸುಮಾರು 118. ಎಂಎಂನಲ್ಲಿ ಮುಖ್ಯವಾಗುವುದು ಕೆಪಾಸಿಟನ್ಸ್ (ತಂತಿಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ). ಆರ್ಟೋಫೋನ್ 2ಎಂಗೆ 150–300 ಪೈಕೋಫ್ಯಾರಡ್, ಆಡಿಯೋ-ಟೆಕ್ನಿಕಾಗೆ 100–200. ಇದು ಆರ್ಮ್ ತಂತಿ, ಕೇಬಲ್, ಫೋನೋ ಇನ್‌ಪುಟ್ ಮೂರೂ ಸೇರಿದ ಮೊತ್ತ. ಉದ್ದ ಕೇಬಲ್ ಹಾಕಿ "ಈ ಕಾರ್ಟ್ರಿಜ್ ತುಂಬ ಚೂಪು" ಅನ್ನುವವರು ಬಹಳ. ಕೇಬಲ್ ಚಿಕ್ಕದು ಮಾಡಿ ನೋಡಿ, ಕಾರ್ಟ್ರಿಜ್ ಬದಲಿಸುವುದೇ ಬೇಡವಾಗಬಹುದು.

ಡೆನಾನ್ ಡಿಎಲ್-103 ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. 1960ರ ದಶಕದ ಮೊದಲಲ್ಲಿ ಜಪಾನಿನ ಎನ್‌ಎಚ್‌ಕೆ ರೇಡಿಯೋ ಪ್ರಸಾರಕ್ಕೆ ಎಂದು ಮಾಡಿದ ಕಾರ್ಟ್ರಿಜ್ ಇದು. ಇವತ್ತಿಗೂ ತಯಾರಾಗುತ್ತಿದೆ. ಗಂಗೂಬಾಯಿಯವರ ದನಿಯ ಗಾತ್ರ, ಆ ಎದೆಯಿಂದ ಬರುವ ಗಂಭೀರ ಷಡ್ಜ, ಇದರಲ್ಲಿ ಕೇಳಿದಷ್ಟು ತುಂಬಿಕೊಂಡು ನಾನು ಬೇರೆಡೆ ಕೇಳಿಲ್ಲ. ಆದರೆ ತುದಿ ಕೋನಿಕಲ್, 16.5 ಮೈಕ್ರಾನ್. ಮಗ್ಗುಲಿನ ಮೊದಲ ಹದಿನೈದು ನಿಮಿಷ ಸ್ವರ್ಗ, ಕೊನೆಗೆ ಬಂದಾಗ ಮಸುಕು. ಭಾರದ ಉದ್ದ ಆರ್ಮ್ ಇದ್ದು, ಹಾಡು ಚಿಕ್ಕಚಿಕ್ಕದಿರುವ ಎಲ್‌ಪಿಗಳನ್ನು ಕೇಳುವವರು ಧಾರಾಳವಾಗಿ ಕೊಳ್ಳಿ. ಖಯಾಲ್ ಕೇಳುವವರಿಗೆ ನಾನು ಹೇಳುವುದಿಲ್ಲ.

ಅಲ್ಲಿಂದ ನಾನು ಹಾನಾಗೆ ಬಂದದ್ದು ಇದೇ ಕಾರಣಕ್ಕೆ. ಜಪಾನಿನ ಎಕ್ಸೆಲ್ ಸೌಂಡ್ ಕಂಪನಿ ಮಾಡುವ ಕಾರ್ಟ್ರಿಜ್‌ಗಳು ಇವು. ಇಎಲ್ ಮತ್ತು ಎಸ್‌ಎಲ್ ಎರಡಕ್ಕೂ ಔಟ್‌ಪುಟ್ ಒಂದೇ, ತೂಕ ಒಂದೇ. ಇಎಲ್‌ನದು ಎಲಿಪ್ಟಿಕಲ್ ತುದಿ, ಎಸ್‌ಎಲ್‌ನದು ಶಿಬಾಟಾ. ಹೆಚ್ಚಿನ ಬೆಲೆ ಯಾವುದಕ್ಕೆ ಅನ್ನುವುದು ಇಲ್ಲಿ ಸ್ಪಷ್ಟವಾಗಿದೆ, ಅದು ನನಗೆ ಇಷ್ಟವಾಯಿತು. ಇನ್ನೂ ಮೇಲಕ್ಕೆ ಹೋಗುವವರಿಗೆ ಆರ್ಟೋಫೋನ್ ಕಡೆಂಜಾ, ಲೈರಾ ಮೊದಲಾದವು ಇವೆ. ಆ ಮಟ್ಟದಲ್ಲಿ ಬೋರಾನ್, ಮಾಣಿಕ್ಯ, ವಜ್ರದ ಕ್ಯಾಂಟಿಲಿವರ್‌ಗಳು (ಸೂಜಿಯ ತುದಿ ಹೊತ್ತ ಕಡ್ಡಿ) ಸಿಗುತ್ತವೆ. ವ್ಯತ್ಯಾಸ ಖಂಡಿತ ಇದೆ, ಆದರೆ ಗುಂಡು ತುದಿಯಿಂದ ಲೈನ್ ತುದಿಗೆ ಹೋದಾಗ ಸಿಗುವಷ್ಟು ದೊಡ್ಡ ಜಿಗಿತ ಮುಂದೆ ಎಲ್ಲೂ ಇಲ್ಲ.

ಲೈನ್ ತುದಿ ಕೊಂಡ ಮೇಲೆ ಜೋಡಣೆಯಲ್ಲಿ ಸೋಮಾರಿತನ ನಡೆಯುವುದಿಲ್ಲ. ತೆಳುವಾದ ಅಂಚು ಸ್ವಲ್ಪ ವಾರೆಯಾದರೂ ಗೋಡೆಗೆ ಸರಿಯಾಗಿ ಕೂರುವುದಿಲ್ಲ. ಕೋನ ಹೊಂದಿಸುವ ಪ್ರೊಟ್ರ್ಯಾಕ್ಟರ್‌ನಲ್ಲಿ ಎರಡು ಶೂನ್ಯ ಬಿಂದುಗಳಿರುತ್ತವೆ, ಅಂದರೆ ಕಾರ್ಟ್ರಿಜ್ ಗ್ರೂವ್‌ಗೆ ಸರಿಯಾಗಿ ನೇರ ನಿಲ್ಲುವ ಜಾಗಗಳು. ಬೇರ್ವಾಲ್ಡ್ ಪದ್ಧತಿಯಲ್ಲಿ ಅವು ನಡುವಿನಿಂದ 66 ಮತ್ತು 120.9 ಮಿಲಿಮೀಟರ್. ಸ್ಟೀವನ್ಸನ್ ಪದ್ಧತಿಯಲ್ಲಿ 60.3 ಮತ್ತು 117.4. ಬಹಳ ಜನ ಬೇರ್ವಾಲ್ಡ್ ಒಳ್ಳೆಯದೆನ್ನುತ್ತಾರೆ, ಇಡೀ ಮಗ್ಗುಲಿನ ಸರಾಸರಿ ನೋಡಿದರೆ ಅದು ನಿಜ. ನಾನು ಸ್ಟೀವನ್ಸನ್ ಇಡುತ್ತೇನೆ. ದ್ರುತ್ ಮುಗಿಯುವ ಜಾಗದಲ್ಲೇ ದೋಷ ಸೊನ್ನೆಯಾಗಲಿ, ನಡುವೆ ಸ್ವಲ್ಪ ಹೆಚ್ಚಾದರೂ ವಿಳಂಬಿತ ಅದನ್ನು ತಡೆದುಕೊಳ್ಳುತ್ತದೆ.

ಸೂಜಿ ಭಾರಕ್ಕೆ ಡಿಜಿಟಲ್ ಗೇಜ್ ಬಳಸಿ, ಕಂಪನಿ ಹೇಳಿದಷ್ಟೇ ಇಡಿ. ಪ್ಲೇಟು ಸವೆಯದಿರಲಿ ಅಂತ ಕಡಿಮೆ ಇಡುವ ಅಭ್ಯಾಸ ನಮ್ಮ ಹಿರಿಯರಲ್ಲಿ ಇತ್ತು. ಅದರಿಂದ ಕೆಡುಕೇ ಜಾಸ್ತಿ: ಹಗುರಾದ ಸೂಜಿ ಗ್ರೂವ್‌ನಲ್ಲಿ ಕುಣಿದು ಗೋಡೆಗೆ ಬಡಿಯುತ್ತದೆ. ಮುಂದಿನಿಂದ ನೋಡಿದಾಗ ಸೂಜಿ ನೆಟ್ಟಗೆ ನಿಂತಿರಬೇಕು. ಪ್ಲೇಟಿನ ಮೇಲಿಟ್ಟಾಗ ಆರ್ಮ್ ಸಮತಲವಾಗಿರುವುದರಿಂದ ಶುರು ಮಾಡಿ, ಆಮೇಲೆ ಎತ್ತರವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ 'ಸ', 'ಶ' ಕೇಳುತ್ತಾ ನಿಲ್ಲಿಸಿ. ಟೆಕ್ನಿಕ್ಸ್‌ನಲ್ಲಿ ಇದಕ್ಕೊಂದು ಬಳೆ ಇದೆ, ಸುಲಭ.

ಹಳೆಯ ಕಾರ್ಟ್ರಿಜ್ ಅಗ್ಗವಾಗಿ ಸಿಗುತ್ತದೆ ಅಂತ ಕೊಳ್ಳುವವರಿಗೆ: ಒಳಗಿರುವ ರಬ್ಬರ್ ಡ್ಯಾಂಪರ್‌ಗೆ ವಯಸ್ಸಾಗುತ್ತದೆ. ಪೆಟ್ಟಿಗೆ ಒಡೆಯದ 1980ರ ದಶಕದ ಕಾರ್ಟ್ರಿಜ್ ಕೂಡ ಗಟ್ಟಿಯಾಗಿರಬಹುದು. ರಬ್ಬರ್‌ಗೆ 20–25 ಡಿಗ್ರಿ ಹಿತ. ಕಲಬುರಗಿಯ ಬೇಸಿಗೆಯ ಮಧ್ಯಾಹ್ನ ಕೇಳಿದ್ದಕ್ಕೂ ರಾತ್ರಿ ಕೇಳಿದ್ದಕ್ಕೂ ವ್ಯತ್ಯಾಸ ಇದ್ದರೆ ಆಶ್ಚರ್ಯ ಬೇಡ. ವಿದೇಶದಿಂದ ಬರುವವರ ಕೈಲಿ ತರಿಸುವವರು ವಾರಂಟಿ ಇಲ್ಲಿ ನಡೆಯುತ್ತದೆಯೇ ಅಂತ ಕೇಳಿಕೊಳ್ಳಿ. ಎಂಎಂನ ಸೂಜಿ ನೀವೇ ಬದಲಿಸಬಹುದು. ಎಂಸಿ ಸವೆದರೆ ಪೂರ್ತಿ ಕಾರ್ಟ್ರಿಜ್ ಕಳಿಸಬೇಕಾಗುತ್ತದೆ, ಕಂಪನಿಗೋ ಹೊಸ ತುದಿ ಕೂರಿಸುವವರಿಗೋ (ರೀಟಿಪ್). ಆ ಖರ್ಚನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಧೂಳು ಒರೆಸಲು ಬೇರೆಯವರು ಬರುತ್ತಿದ್ದರೆ, ನಾನು ಎಂಎಂ ಕಡೆಗೇ ವಾಲುತ್ತೇನೆ.

ಆಯಸ್ಸಿನ ಬಗ್ಗೆ ಆಡಿಯೋ-ಟೆಕ್ನಿಕಾ ಕೊಡುವ ಲೆಕ್ಕ: ಎಲಿಪ್ಟಿಕಲ್ 300 ಗಂಟೆ, ಕೋನಿಕಲ್ 500, ಶಿಬಾಟಾ 800, ಮೈಕ್ರೋಲೀನಿಯರ್ 1000. ಬೆಲೆಯನ್ನು ಗಂಟೆಗೆ ಭಾಗಿಸಿದರೆ ದುಬಾರಿ ತುದಿ ಅಷ್ಟು ದುಬಾರಿ ಅನ್ನಿಸುವುದಿಲ್ಲ.

ಕೊನೆಗೆ ಮೋನೋ, ಅಂದರೆ ಒಂದೇ ಚಾನೆಲ್ಲಿನ ಪ್ಲೇಟುಗಳು. ಹೆಡ್‌ಶೆಲ್ ಬಿಚ್ಚುವ ಆರ್ಮ್ ಇದ್ದರೆ ಇಲ್ಲಿ ದೊಡ್ಡ ಅನುಕೂಲ. ಎಚ್‌ಎಂವಿ ಎಲ್‌ಪಿಯ ನಂಬರ್ ನೋಡಿ: ಇಎಎಲ್‌ಪಿ, ಇಸಿಎಲ್‌ಪಿ ಅಂತ ಶುರುವಾದರೆ ಮೋನೋ. ಇಎಎಸ್‌ಡಿ, ಇಸಿಎಸ್‌ಡಿ ಅಂತಿದ್ದರೆ ಸ್ಟೀರಿಯೋ. ಮೋನೋ ಪ್ಲೇಟಿನಲ್ಲಿ ಸಂಗೀತ ಇರುವುದು ಸೂಜಿಯ ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ ಕೆಳಗಿನ ಚಲನೆಯೆಲ್ಲ ಧೂಳು, ಸವೆತ, ಚಟಪಟ. ಮೋನೋ ಕಾರ್ಟ್ರಿಜ್ ಅದನ್ನು ಕೇಳಿಸುವುದೇ ಇಲ್ಲ. ಮೊದಲು ಆಂಪ್ಲಿಫೈಯರ್‌ನ ಮೋನೋ ಬಟನ್ ಒತ್ತಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕು. ಮೋನೋ ಎಲ್‌ಪಿಗಳು ಜಾಸ್ತಿ ಇದ್ದರೆ ಆರ್ಟೋಫೋನ್ 2ಎಂ ಮೋನೋ ಅಥವಾ ಡೆನಾನ್ ಡಿಎಲ್-102 ಒಂದನ್ನು ಬೇರೆ ಹೆಡ್‌ಶೆಲ್‌ನಲ್ಲಿ ಕೂರಿಸಿ ಇಟ್ಟುಕೊಳ್ಳಿ. ಅಜ್ಜನ ಕಾಲದ 78ರ ಪ್ಲೇಟುಗಳಿಗೆ ಮಾತ್ರ ಈ ಯಾವ ಸೂಜಿಯನ್ನೂ ತಾಗಿಸಬೇಡಿ. ಅವುಗಳ ಗ್ರೂವ್ ಅಗಲವಾಗಿರುತ್ತದೆ, 75 ಮೈಕ್ರಾನ್ ತ್ರಿಜ್ಯದ ತುದಿ ಬೇಕು. ಆಗ ಕೊಂಡಿದ್ದ ವಿಎಂ95 ಮೈಗೆ 78ರ ಎಸ್‌ಪಿ ಸೂಜಿ ಸಿಕ್ಕಿಸಿ, ಭಾರ 5 ಗ್ರಾಂಗೆ ಏರಿಸಿ, ವೇಗ 78ಕ್ಕೆ ಹಾಕಿ. ಎಲ್‌ಪಿಗೆ ಮರಳುವಾಗ ಭಾರ ಮತ್ತೆ 2 ಗ್ರಾಂಗೆ ಇಳಿಸಿದ್ದೀರಾ ಅಂತ ಗೇಜ್‌ನಲ್ಲಿ ನೋಡಿಕೊಂಡೇ ಸೂಜಿ ಇಳಿಸಿ.